ವೈದ್ಯರ ಚೀಟಿಯ ಔಷಧಗಳು ಮತ್ತು ರೋಗಿಗಳಿಗೆ ಮಾಹಿತಿ

ನೋಂದಾಯಿತ ವೈದ್ಯರು ಬರೆದುಕೊಟ್ಟ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರಬಾರದ ಔಷಧಗಳನ್ನು ವೈದ್ಯರ ಚೀಟಿಯ ಔಷಧಗಳು ಎನ್ನಲಾಗುತ್ತದೆ. ಇವುಗಳ ಬಗ್ಗೆ ತಯಾರಿಕಾ ಕಂಪನಿಗಳು ರೋಗಿಗಳಿಗೆ ನೇರವಾಗಿ ಏನನ್ನು ಹೇಳಬಹುದು ಎಂಬುದು ಔಷಧ ನೀತಿಯಲ್ಲಿ ಬಹುಕಾಲದಿಂದ ಚರ್ಚೆಯಲ್ಲಿರುವ ಪ್ರಶ್ನೆ. ಭಾರತದ ಕಾನೂನು ಕಂಪನಿಗಳ ಜಾಹೀರಾತನ್ನು ನಿರ್ಬಂಧಿಸುತ್ತದೆ. ಆದರೆ ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ತಲುಪಿಸುವ ಏರ್ಪಾಡು ಅಷ್ಟು ಗಟ್ಟಿಯಾಗಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಂತಹ ಗ್ರಾಮೀಣ ಪ್ರದೇಶಗಳಲ್ಲಿ ಈ ಕೊರತೆಯ ಪರಿಣಾಮ ಹೆಚ್ಚು.

ಕಾನೂನಿನ ಚೌಕಟ್ಟು

1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯಡಿ ರೂಪಿಸಿದ 1945ರ ನಿಯಮಗಳು ವೈದ್ಯರ ಚೀಟಿಯ ಔಷಧಗಳನ್ನು ಶೆಡ್ಯೂಲ್ ಎಚ್, ಎಚ್1 ಮತ್ತು ಎಕ್ಸ್ ಎಂದು ವಿಂಗಡಿಸುತ್ತವೆ. ಹಲವು ಪ್ರತಿಜೀವಕಗಳನ್ನೂ ಕ್ಷಯರೋಗದ ಔಷಧಗಳನ್ನೂ ಒಳಗೊಂಡ ಎಚ್1 ಪಟ್ಟಿಯು 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಈ ಮೂರೂ ಶೆಡ್ಯೂಲ್‌ಗಳ ಔಷಧಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಜಾಹೀರಾತು ಮಾಡಬಾರದೆಂದು 2015ರಲ್ಲಿ ನಿಯಮಗಳಿಗೆ ತಿದ್ದುಪಡಿ ತರಲಾಯಿತು.

ಇದಕ್ಕಿಂತ ಹಳೆಯದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ. ಮಧುಮೇಹ, ಕ್ಯಾನ್ಸರ್ ಮೊದಲಾದ ಕಾಯಿಲೆಗಳಿಗೆ ಔಷಧವಿದೆಯೆಂದು ಸಾರುವ ಜಾಹೀರಾತುಗಳನ್ನು ಅದು ನಿಷೇಧಿಸಿತು. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ನೋಂದಾಯಿತ ವೈದ್ಯರಿಗೆ ಮಾತ್ರ ಗೌಪ್ಯವಾಗಿ ಕಳುಹಿಸುವ ಪ್ರಚಾರ ಸಾಮಗ್ರಿಗೆ ಈ ಕಾಯ್ದೆಯೇ ವಿನಾಯಿತಿ ನೀಡಿರುವುದು ಗಮನಾರ್ಹ. ಕಂಪನಿಯು ಕಾನೂನುಬದ್ಧವಾಗಿ ಮಾತನಾಡಬಹುದಾದದ್ದು ವೈದ್ಯರೊಂದಿಗೆ. ರೋಗಿಗೆ ವಿಷಯ ತಿಳಿಯಬೇಕಾದದ್ದು ವೈದ್ಯರಿಂದ ಎಂಬುದು ಇದರ ಹಿಂದಿನ ಕಲ್ಪನೆ.

ಹಮ್ದರ್ದ್ ದವಾಖಾನಾ ಪ್ರಕರಣದಲ್ಲಿ 1959ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಇಂತಹ ವ್ಯಾಪಾರಿ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ದೊರೆಯದೆಂದು ಹೇಳಿತಾದರೂ ಕಾಯ್ದೆಯ ಕೆಲವು ಭಾಗಗಳನ್ನು ರದ್ದುಪಡಿಸಿತು. 1995ರ ಟಾಟಾ ಪ್ರೆಸ್ ತೀರ್ಪು ವಾಣಿಜ್ಯ ಜಾಹೀರಾತನ್ನೂ ಅಭಿವ್ಯಕ್ತಿಯ ಒಂದು ಭಾಗವೆಂದು ಒಪ್ಪಿತು.

ವೈದ್ಯರತ್ತ ನಡೆಸುವ ಪ್ರಚಾರಕ್ಕೆ ಕೇಂದ್ರದ ಔಷಧೀಯ ಇಲಾಖೆಯು 2024ರ ಮಾರ್ಚ್ 12ರಂದು ಪರಿಷ್ಕೃತ ಏಕರೂಪ ಸಂಹಿತೆಯನ್ನು ಪ್ರಕಟಿಸಿತು. ಅದು ಉಡುಗೊರೆಗಳನ್ನು ನಿಷೇಧಿಸುತ್ತದೆ. ‘ಸುರಕ್ಷಿತ’ ಎಂಬ ಪದವನ್ನು ವಿವರಣೆಯಿಲ್ಲದೆ ಬಳಸಬಾರದೆನ್ನುತ್ತದೆ. ಸಂಹಿತೆಯ ಹಿಂದೆ ಕಾಯ್ದೆಯ ಬಲವಿಲ್ಲ. ದೂರುಗಳನ್ನು ಮೊದಲು ವಿಚಾರಿಸುವುದು ಉದ್ಯಮ ಸಂಘಗಳ ಸಮಿತಿಗಳೇ.

ಜಾಹೀರಾತೋ ಮಾಹಿತಿಯೋ?

ಚೀಟಿಯ ಔಷಧಗಳನ್ನು ಸಾರ್ವಜನಿಕರಿಗೆ ಜಾಹೀರಾತು ಮಾಡಲು ಮುಕ್ತ ಅವಕಾಶವಿರುವ ದೇಶಗಳೆಂದು ಸಾಮಾನ್ಯವಾಗಿ ಹೆಸರಿಸುವುದು ಅಮೆರಿಕ ಮತ್ತು ನ್ಯೂಜಿಲೆಂಡ್‌ಗಳನ್ನು. ಅಂತಹ ಪ್ರಚಾರ ಸಾಮಾನ್ಯವಾಗಿ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ 1988ರ ನೈತಿಕ ಮಾನದಂಡಗಳು ಹೇಳುತ್ತವೆ. ಯುರೋಪಿಯನ್ ಆಯೋಗವು 2008ರ ಡಿಸೆಂಬರ್‌ನಲ್ಲಿ ನಡುದಾರಿಯೊಂದನ್ನು ಸೂಚಿಸಿತು: ಜಾಹೀರಾತಿನ ನಿಷೇಧ ಹಾಗೆಯೇ ಇರಲಿ, ಕಂಪನಿಗಳು ‘ಮಾಹಿತಿ’ ನೀಡಲಿ. ಇವೆರಡರ ನಡುವೆ ಗೆರೆ ಎಳೆಯುವುದು ಕಷ್ಟವೆಂದು ಗ್ರಾಹಕ ಸಂಘಟನೆಗಳು ವಿರೋಧಿಸಿದವು. ಪ್ರಸ್ತಾವ ಕೊನೆಗೂ ಕಾನೂನಾಗಲಿಲ್ಲ.

ಈ ಆಕ್ಷೇಪಕ್ಕೆ ಆಧಾರವಿದೆ. ಔಷಧದ ಹೆಸರೆತ್ತದೆ ಕಾಯಿಲೆಯ ಲಕ್ಷಣಗಳನ್ನಷ್ಟೇ ವಿವರಿಸಿ ‘ವೈದ್ಯರನ್ನು ಕಾಣಿರಿ’ ಎನ್ನುವ ಜಾಗೃತಿ ಪ್ರಕಟಣೆಯೂ ಆ ಕಾಯಿಲೆಗೆ ಮಾರುಕಟ್ಟೆಯಲ್ಲಿ ಒಂದೇ ಔಷಧವಿದ್ದಾಗ ಅದರ ಜಾಹೀರಾತೇ ಆಗಿಬಿಡುತ್ತದೆ. ಇನ್ನೊಂದು ಮಗ್ಗುಲೂ ಉಂಟು: ಔಷಧದ ಅಡ್ಡಪರಿಣಾಮಗಳ ಕುರಿತ ದತ್ತಾಂಶ ಹೆಚ್ಚಾಗಿ ಇರುವುದು ಅದನ್ನು ತಯಾರಿಸಿದ ಕಂಪನಿಯ ಬಳಿಯಲ್ಲೇ.

ಕೊಪ್ಪಳ ಜಿಲ್ಲೆಯ ನಿದರ್ಶನ

ಕೊಪ್ಪಳವು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಪದವಿಯಿಲ್ಲದೆ ಚಿಕಿತ್ಸೆ ನೀಡುವ, ಜನರು ‘ಆರ್‌ಎಂಪಿ’ಗಳೆಂದು ಕರೆಯುವವರ ಬಗ್ಗೆ ಆಶಾ ಜಾರ್ಜ್ ಮತ್ತು ಅದಿತಿ ಅಯ್ಯರ್ ಇಲ್ಲಿ ಅಧ್ಯಯನ ನಡೆಸಿ 2013ರಲ್ಲಿ ಪ್ರಕಟಿಸಿದರು. 2002ರ ಮನೆಮನೆ ಸಮೀಕ್ಷೆ ಹಾಗೂ 2004ರ ಚಿಕಿತ್ಸಕರ ಗಣತಿ ಅದಕ್ಕೆ ಆಧಾರ. ಮಾರುಕಟ್ಟೆಯ ಒತ್ತಡದಿಂದ ಇವರು ಅಗತ್ಯವಿರಲಿ ಇಲ್ಲದಿರಲಿ ಅಲೋಪತಿ ಔಷಧಗಳನ್ನು ಕೊಡುವಂತಾಗಿದೆ ಎಂದೂ, ತರಬೇತಿಗೂ ರೋಗಿಗಳನ್ನು ಮುಂದಕ್ಕೆ ಕಳುಹಿಸಲಿಕ್ಕೂ ಸರ್ಕಾರಿ ಮತ್ತು ಖಾಸಗಿ ವೈದ್ಯರನ್ನೇ ನೆಚ್ಚಿಕೊಂಡಿದ್ದಾರೆ ಎಂದೂ ಅಧ್ಯಯನ ಕಂಡುಕೊಂಡಿತು. ಅವರಲ್ಲಿ ಕೆಲವರು ಎಚ್ಚರಿಕೆಯಿಂದ ನಡೆದುಕೊಳ್ಳುತ್ತಾರೆಂಬುದನ್ನೂ ಅದು ದಾಖಲಿಸಿದೆ. ಚೀಟಿ, ನೋಂದಾಯಿತ ವೈದ್ಯ, ಔಷಧ ಮಳಿಗೆ ಎಂಬ ಕಾನೂನಿನ ಸರಪಳಿ ಇಲ್ಲಿ ಮೊದಲ ಕೊಂಡಿಯಲ್ಲೇ ಕಳಚುತ್ತದೆ.

ಭಾಷೆಯ ತೊಡಕು

ಆಮದು ಔಷಧಗಳ ನೋಂದಣಿಗೆ ಸಂಬಂಧಿಸಿದ ಶೆಡ್ಯೂಲ್ ಡಿ-2ರ ಪ್ರಕಾರ ಔಷಧದೊಡನೆ ಇಡುವ ವಿವರಪತ್ರ ಇಂಗ್ಲಿಷ್‌ನಲ್ಲಿರಬೇಕು. ಸಣ್ಣ ಅಕ್ಷರಗಳ ಈ ಮಡಿಕೆ ಕಾಗದ ವೈದ್ಯರನ್ನು ಉದ್ದೇಶಿಸಿದ್ದು. 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರಾಂಡ್‌ಗಳ ಮೇಲೆ ಕಡ್ಡಾಯವಾದ ಕ್ಯೂಆರ್ ಅಥವಾ ಬಾರ್ ಸಂಕೇತವು ಔಷಧದ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಅವಧಿ, ಪರವಾನಗಿ ಸಂಖ್ಯೆ ಮುಂತಾದವನ್ನು ತಿಳಿಸುತ್ತದೆ. ನಕಲಿ ಔಷಧ ಪತ್ತೆಗೆ ಇದು ಉಪಯುಕ್ತ. ಸೇವಿಸುವ ಕ್ರಮವನ್ನಾಗಲಿ ಅಡ್ಡಪರಿಣಾಮವನ್ನಾಗಲಿ ಅದರಲ್ಲಿ ತಿಳಿಸಬೇಕೆಂಬ ನಿಯಮವಿಲ್ಲ.

ಕರ್ನಾಟಕದಲ್ಲಿ ತಯಾರಾಗಿ ರಾಜ್ಯದಲ್ಲೇ ಮಾರಾಟವಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಔಷಧದ ಲೇಬಲ್‌ಗಳನ್ನು ನಿಯಂತ್ರಿಸುವುದು ಮಾತ್ರ ಕೇಂದ್ರದ ನಿಯಮಗಳು.

ಕಂಪನಿಯೇತರ ಮಾರ್ಗಗಳು

ರೋಗಿಗೆ ಔಷಧದ ಬಳಕೆಯನ್ನು ವಿವರಿಸುವುದು ನೋಂದಾಯಿತ ಔಷಧಜ್ಞರ ಕರ್ತವ್ಯವೆಂದು 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಹೇಳುತ್ತದೆ. ಔಷಧಗಳ ವಿವೇಚನಾಯುಕ್ತ ಬಳಕೆಗಾಗಿ ಧಾರವಾಡದ ಡ್ರಗ್ ಆ್ಯಕ್ಷನ್ ಫೋರಂ ಕರ್ನಾಟಕ ಕೆಲಸ ಮಾಡುತ್ತ ಬಂದಿದೆ. ವೈದ್ಯ ಗೋಪಾಲ ದಾಬಡೆ ಅದರ ಪ್ರಮುಖರಲ್ಲೊಬ್ಬರು. ಹಳ್ಳಿಗಳಲ್ಲಿ ಮನೆಬಾಗಿಲಿಗೆ ಹೋಗುವವರು ಆಶಾ ಕಾರ್ಯಕರ್ತೆಯರು. ಕ್ಷಯರೋಗದ ಮಾತ್ರೆಗಳನ್ನು ನಡುವೆ ನಿಲ್ಲಿಸಬಾರದೆಂಬ ಮಾತು ಅನೇಕ ಮನೆಗಳಿಗೆ ಕನ್ನಡದಲ್ಲಿ ತಲುಪುವುದು ಅವರಿಂದಲೇ.