ಬಲೆಯ ಕಣ್ಣು

ಮೃಗಶಿರಾ ಮಳೆ ಹಿಡಿದು ಎರಡು ದಿನ ಬಿಡದೆ ಹೊಯ್ದಿತೆಂದರೆ ಮಲೆನಾಡಿನ ಹಳ್ಳಗಳ ನೀರು ಕೆಂಪಾಗುತ್ತದೆ. ಬೇಸಗೆಯುದ್ದಕ್ಕೂ ಹೊಳೆಯ ಮಡುಗಳಲ್ಲಿ ಅಡಗಿದ್ದ ಮೀನು ಆಗ ಹೊಸ ನೀರಿಗೆ ಎದುರಾಗಿ ಹೊರಡುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ನೀರು ನಿಂತ ಗದ್ದೆಗೆ. ಹೀಗೆ ಏರಿ ಬರುವ ಮೀನಿಗೆ ನಮ್ಮ ಜನ ಹತ್ತುಮೀನು ಎಂದು ಹೆಸರಿಟ್ಟಿದ್ದಾರೆ. ಇಲ್ಲಿ ಹತ್ತು ಎಂಬುದು ಸಂಖ್ಯೆಯಲ್ಲ, ಏರು ಎಂಬರ್ಥದ ಧಾತು. ಕಂಬಳಿ ಕೊಪ್ಪೆ ಹೊದ್ದು, ಕೈಯಲ್ಲಿ ಬೆಳಕು ಹಿಡಿದು, ನಡುರಾತ್ರಿಯಲ್ಲಿ ಗದ್ದೆಯ ಬದುವಿನ ಮೇಲೆ ಕಾದು ನಿಲ್ಲುವವರಿಗೆ ವರ್ಷದಲ್ಲಿ ಇದು ನಾಲ್ಕೈದು ದಿನಗಳ ಹಬ್ಬ.

ಮೀನು ಸುಮ್ಮನೆ ಹತ್ತುವುದಿಲ್ಲ. ಮೊಟ್ಟೆಯಿಡುವುದಕ್ಕಾಗಿ ಹತ್ತುತ್ತದೆ. ತುಂಬಿ ಹರಿಯುವ ಹೊಳೆಯ ನಡುವೆ ಮರಿಗೆ ನೆಲೆಯಿಲ್ಲ. ಗದ್ದೆಯ ತೆಳುನೀರಿನಲ್ಲಿ ಸೆಳೆತವೂ ಕಡಿಮೆ, ಮರಿಯ ಬಾಯಿಗೆ ತಕ್ಕ ಸೂಕ್ಷ್ಮಜೀವಿಗಳೂ ಯಥೇಚ್ಛ. ಗೆಂಡೆಯ ಜಾತಿಗೆ ಹತ್ತಿರದ ಎಷ್ಟೋ ಮೀನುಗಳು ನಿಂತ ನೀರಿನಲ್ಲಿ ಎಷ್ಟು ಕೊಬ್ಬಿದರೂ ಮೊಟ್ಟೆಯಿಡುವುದಿಲ್ಲ. ಮಳೆ, ಕೆಂಪು ನೀರು, ಹರಿವು ಇವುಗಳ ಪ್ರೇರಣೆ ಅವಕ್ಕೆ ಬೇಕು. ಕೆರೆಯಲ್ಲಿ ಸಾಕಿದ ರೋಹು ಮೊದಲಾದ ಮೀನುಗಳಿಗೆ ಗ್ರಂಥಿರಸವನ್ನು ಚುಚ್ಚಿ ಮೊಟ್ಟೆಯಿಡಿಸುವ ವಿದ್ಯೆಯನ್ನು ಹೀರಾಲಾಲ್ ಚೌಧುರಿಯವರು 1957ರಲ್ಲಿ ಒಡಿಶಾದಲ್ಲಿ ಸಾಧಿಸಿದರು. ಆ ದಿನದ ನೆನಪಿಗೆ ಜುಲೈ 10ನ್ನು ಮೀನು ಕೃಷಿಕರ ದಿನವೆಂದು ದೇಶದಲ್ಲಿ ಆಚರಿಸುತ್ತಾರೆ. ಆದರೆ ನಮ್ಮ ಹಳ್ಳಗಳ ಸಣ್ಣಪುಟ್ಟ ಮೀನುಗಳಿಗೆ ಸೂಜಿ ಚುಚ್ಚುವವರು ಯಾರು? ಅವುಗಳ ಸಂತಾನವೆಲ್ಲ ಈ ನಾಲ್ಕೈದು ರಾತ್ರಿಗಳ ಪ್ರಯಾಣದ ಮೇಲೆಯೇ ನಿಂತಿದೆ.

ಆದ್ದರಿಂದ ಹತ್ತುಮೀನಿಗೆ ಯಾವ ಬಲೆ ತಕ್ಕುದು ಎಂಬ ಪ್ರಶ್ನೆ ಅಂಗಡಿಯ ಮಾತಾಗಿ ಕಂಡರೂ ಹೊಳೆಯ ಮಾತು. ಬಲೆ ಎಂಬುದು ಅಚ್ಚ ದ್ರಾವಿಡ ಶಬ್ದ. ತಮಿಳಿನ ವಲೈ, ಮಲಯಾಳದ ವಲ ಇದರ ಒಡಹುಟ್ಟುಗಳು. ಅಲ್ಲಿಯ ವಕಾರ ನಮ್ಮಲ್ಲಿ ಬಕಾರವಾಗುವುದು ಭಾಷೆ ಬಲ್ಲವರಿಗೆ ತಿಳಿದದ್ದೇ. ಬಲೆಯ ರಂಧ್ರಕ್ಕೆ ನಮ್ಮವರು ಕಣ್ಣು ಎಂದದ್ದು ಇನ್ನೂ ಸೊಗಸು. ಕಣ್ಣೆಂದ ಮೇಲೆ ಅದು ನೋಡಿ ಆರಿಸಬೇಕಷ್ಟೆ: ಇದನ್ನು ಹಿಡಿ, ಅದನ್ನು ಬಿಡು ಎಂದು. ಬಲೆ ಕೊಳ್ಳುವವರು ಸಾಮಾನ್ಯವಾಗಿ ನೂಲಿನ ಗಟ್ಟಿತನವನ್ನೂ ಬೆಲೆಯನ್ನೂ ವಿಚಾರಿಸುತ್ತಾರೆ. ಅದು ಏನನ್ನು ಬಿಡುತ್ತದೆ ಎಂದು ವಿಚಾರಿಸುವವರು ಕಡಿಮೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಮೀನು ಹಿಡಿಯುವ ವಿಚಾರವನ್ನು ಪಂಡಿತರು ಬರೆಯಬಹುದೆ ಎಂದು ಹುಬ್ಬೇರಿಸುವವರಿಗೆ ಒಂದು ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮೀನುಗಳ ಜಾತಿ, ಅವುಗಳಿಗೆ ತಕ್ಕ ಆಹಾರ, ಗಾಳದ ಹುರಿ, ಎರೆ ಇವೆಲ್ಲ ಅಲ್ಲಿ ಬಂದಿವೆ. ಚಕ್ರವರ್ತಿಗೆ ಬೇಡವಾಗದ ವಿಷಯ ಮೇಷ್ಟರಿಗೆ ಬೇಡವಾಗಬೇಕಿಲ್ಲ.

ಇನ್ನು ಕಣ್ಣನ್ನು ಅಳೆಯುವ ಬಗೆ. ಬಲೆಯ ಒಂದು ಕಣ್ಣನ್ನು ಎದುರುಬದುರಾದ ಎರಡು ಗಂಟುಗಳಲ್ಲಿ ಹಿಡಿದು, ನಡುವಿನ ಜಾಗವೆಲ್ಲ ಮುಚ್ಚಿಕೊಳ್ಳುವಂತೆ ಬಿಗಿಯಾಗಿ ಎಳೆಯಿರಿ. ಆಗ ಗಂಟಿನಿಂದ ಗಂಟಿಗೆ ಇರುವ ಉದ್ದವೇ ಎಳೆದ ಕಣ್ಣಿನ ಅಳತೆ. ಇನ್ನೊಂದು ಪದ್ಧತಿಯಲ್ಲಿ ಕಣ್ಣಿನ ಒಂದು ಮಗ್ಗುಲನ್ನು ಮಾತ್ರ ಅಳೆಯುತ್ತಾರೆ; ಅದು ಮೊದಲಿನದರ ಅರ್ಧ. ಅಂಗಡಿಯವನು ಒಂದಂಗುಲದ ಬಲೆ ಎಂದಾಗ ಅದು ಯಾವ ಲೆಕ್ಕದ ಅಂಗುಲ ಎಂದು ಕೇಳದೆ ಹಣ ಎಣಿಸಬೇಡಿ. ಬಲೆಯನ್ನು ಕೈಯಿಂದ ಹೆಣೆಯುವವರಿಗೆ ಈ ಗೊಂದಲವಿಲ್ಲ. ನೂಲು ಸುತ್ತಿದ ಬಿದಿರಿನ ಸೂಜಿಯ ಜೊತೆಗೆ ಅವರ ಕೈಯಲ್ಲಿ ಒಂದು ಅಳತೆಪಟ್ಟಿ ಇರುತ್ತದೆ, ಆ ಪಟ್ಟಿಯ ಅಗಲವೇ ಕಣ್ಣಿನ ಮಗ್ಗುಲು.

ಅಳತೆ ತಿಳಿದ ಮೇಲೆ ಲೆಕ್ಕ ಸುಲಭ. ಎಳೆದಾಗ 5 ಸೆಂಟಿಮೀಟರ್ ಬರುವ ಕಣ್ಣಿನ ಸುತ್ತಳತೆ 10 ಸೆಂಟಿಮೀಟರ್. ನೀರಿಗೆ ಅಡ್ಡವಾಗಿ ಗೋಡೆಯಂತೆ ನಿಲ್ಲಿಸುವ ಬಲೆಯಲ್ಲಿ (ಕರಾವಳಿಯವರು ಕಂತಬಲೆ ಎನ್ನುವುದು ಈ ಜಾತಿಯದನ್ನೇ) ಮೀನು ತಲೆ ತೂರಿಸಿ, ಮೈ ದಾಟದೆ, ಹಿಂದೆ ಸರಿಯಲು ಹೋಗಿ ಕಿವಿರಿನ ಬಳಿ ಸಿಕ್ಕಿಬೀಳುತ್ತದೆ. ಮೈಯ ಅತಿ ದಪ್ಪ ಭಾಗದ ಸುತ್ತು ಕಣ್ಣಿನ ಸುತ್ತಿಗಿಂತ ಕಾಲುಭಾಗದಷ್ಟು ಹೆಚ್ಚಾಗಿರುವ ಮೀನು, ಅಂದರೆ ನಮ್ಮ ಉದಾಹರಣೆಯಲ್ಲಿ 12 ಸೆಂಟಿಮೀಟರಿನ ಆಚೀಚೆಯದು, ಇದರಲ್ಲಿ ಚೆನ್ನಾಗಿ ಹಿಡಿಯುತ್ತದೆ. ತೆಳ್ಳಗಿನದು ನುಸುಳಿಹೋಗುತ್ತದೆ, ತೀರ ದೊಡ್ಡದರ ತಲೆಯೇ ಒಳಹೊಗುವುದಿಲ್ಲ. ಸಂತೆಯಿಂದ ತಂದ ಮೀನಿಗೆ ಒಂದು ದಾರ ಸುತ್ತಿ ಅಳೆದು ನೋಡಿದರೆ ಮನೆಯ ಮಕ್ಕಳಿಗೂ ಈ ಗಣಿತ ತಿಳಿಯುತ್ತದೆ.

ಈ ಗಣಿತದಲ್ಲಿಯೇ ಒಂದು ಕೇಡು ಅಡಗಿದೆ. ಹತ್ತುವ ಕಾಲದಲ್ಲಿ ಹೆಣ್ಣುಮೀನಿನ ಹೊಟ್ಟೆ ಮೊಟ್ಟೆ ತುಂಬಿ ಉಬ್ಬಿರುತ್ತದೆ. ಆಗ ಅಷ್ಟೇ ಉದ್ದದ ಗಂಡು ಪಾರಾಗಿ ಹೋಗುವ ಕಣ್ಣಿನಲ್ಲಿ ಹೆಣ್ಣು ಸಿಕ್ಕಿಕೊಳ್ಳುತ್ತದೆ. ಬೇರೆ ದಿನಗಳಲ್ಲಿ ದೊಡ್ಡದು ಚಿಕ್ಕದೆಂದು ನ್ಯಾಯವಾಗಿ ವಿಂಗಡಿಸುವ ಬಲೆ ಈ ಕೆಲವು ದಿನ ಬಸುರಿಯರನ್ನೇ ಆರಿಸಿ ಹಿಡಿದಂತಾಗುತ್ತದೆ. ಒಂದು ಕಿಲೋ ತೂಕದ ರೋಹು ಮೀನಿನ ಒಡಲಲ್ಲಿ ಲಕ್ಷಕ್ಕೂ ಮಿಕ್ಕಿ ಮೊಟ್ಟೆಗಳಿರುತ್ತವೆ ಎಂಬುದನ್ನು ನೆನೆದರೆ ನಷ್ಟದ ಪ್ರಮಾಣ ಊಹೆಗೆ ಬರುತ್ತದೆ. ಕಿವಿರಿನಲ್ಲಿ ನೂಲು ಕೊರೆದ ಮೀನನ್ನು ಬಿಡಿಸಿ ನೀರಿಗೆ ಬಿಟ್ಟರೂ ಅದು ಉಳಿಯುವುದು ದುರ್ಲಭ. ಸಾಲದೆಂಬಂತೆ, ಹೊಸ ನೆರೆಯಲ್ಲಿ ತೇಲಿ ಬರುವ ಕಸಕಡ್ಡಿ, ಮರದ ತುಂಡುಗಳೆಲ್ಲ ಅಡ್ಡಬಲೆಗೇ ಬಂದು ಬೀಳುತ್ತವೆ. ಹತ್ತುಮೀನಿಗೆ ಈ ಬಲೆ ಬೇಡವೆಂದೇ ನನ್ನ ಅಭಿಪ್ರಾಯ.

ಬೇಕಾದದ್ದು ಬೀಸುಬಲೆ. ಇದು ಕೊಡೆಯಂತೆ ಹರಡಿ ಬೀಳುವ ವೃತ್ತಾಕಾರದ ಬಲೆ. ಅಂಚಿನ ಸುತ್ತ ಸೀಸದ ಗುಂಡುಗಳು, ನಡುನೆತ್ತಿಗೆ ಹಗ್ಗ. ಅಂಚನ್ನು ಒಳಕ್ಕೆ ಮಡಿಸಿ ಅಲ್ಲಲ್ಲಿ ಕಟ್ಟಿ ಮಡಿಲುಗಳನ್ನು ಮಾಡಿರುತ್ತಾರೆ. ಬಲೆ ತಳ ಮುಟ್ಟಿದ ಮೇಲೆ ಹಗ್ಗವನ್ನು ಮೆಲ್ಲನೆ ಎಳೆದರೆ ಗುಂಡುಗಳು ಒಂದುಗೂಡಿ, ಬೆದರಿದ ಮೀನು ಮಡಿಲಿಗೆ ಸೇರುತ್ತದೆ. ಇದರ ದೊಡ್ಡ ಗುಣವೆಂದರೆ ಸಿಕ್ಕ ಮೀನು ಜೀವಂತವಾಗಿ ಕೈಗೆ ಬರುತ್ತದೆ. ಹೊಟ್ಟೆ ಮುಟ್ಟಿ ನೋಡಿ, ಮೊಟ್ಟೆ ತುಂಬಿದ್ದನ್ನು ಹಿಂದಕ್ಕೆ ಬಿಡಬಹುದು. ಆ ಆಯ್ಕೆಯನ್ನು ಉಳಿಸಿಕೊಡುವ ಬಲೆಯೇ ಉತ್ತಮ.

ಬೀಸುಬಲೆ ಆರಿಸುವಾಗ ಮೂರು ಅಂಶಗಳನ್ನು ನೋಡಬೇಕು. ನೆತ್ತಿಯಿಂದ ಅಂಚಿನವರೆಗಿನ ಉದ್ದ ನೀರಿನ ಆಳಕ್ಕಿಂತ ಸಾಕಷ್ಟು ಹೆಚ್ಚಾಗಿರಬೇಕು. ಇಲ್ಲವಾದರೆ ತಳ ಮುಟ್ಟುವ ಮೊದಲೇ ಅಂಚು ಕೂಡಿಕೊಂಡು ಮೀನು ಅಡಿಯಿಂದ ಜಾರುತ್ತದೆ. ಹಳ್ಳಕ್ಕೆ ಏಳೆಂಟು ಅಡಿಯ ಬಲೆ ಸಾಕು. ಹತ್ತು ಹನ್ನೆರಡು ಅಡಿಯದನ್ನು ಬೀಸುವುದಕ್ಕೆ ಕಸುಬುದಾರನ ತೋಳೇ ಬೇಕು. ಎರಡನೆಯದು ಸೀಸದ ತೂಕ. ನಿಂತ ನೀರಿಗೆ ಸರಿಹೋಗುವ ಹಗುರ ಬಲೆಯನ್ನು ಹರಿಯುವ ನೀರಿಗೆ ಬೀಸಿದರೆ ಅದು ಗಾಳಿಗೆ ಸಿಕ್ಕಿದ ಸೆರಗಿನಂತೆ ಮೇಲೆದ್ದು ಹೋಗುತ್ತದೆ. ಮೂರನೆಯದು ಮತ್ತೆ ಕಣ್ಣೇ. ಕಣ್ಣು ದೊಡ್ಡದಾದಷ್ಟೂ ಬಲೆ ಬೇಗ ಮುಳುಗುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಸಣ್ಣ ಕಣ್ಣಿನ ಬಲೆ ನೀರನ್ನು ತಡೆದು ನಿಧಾನವಾಗಿ ಇಳಿಯುತ್ತದೆ, ಅಷ್ಟರಲ್ಲಿ ಚುರುಕಾದ ದೊಡ್ಡ ಮೀನು ತಪ್ಪಿಸಿಕೊಂಡಿರುತ್ತದೆ. ಸಣ್ಣದನ್ನೂ ಬಿಡಬಾರದೆಂಬ ಆಸೆ ದೊಡ್ಡದನ್ನೇ ಕಳೆಯುತ್ತದೆ.

ಬೀಸುವವರಿಗೆ ಒಂದು ಎಚ್ಚರಿಕೆ. ಹಗ್ಗವನ್ನು ಮಣಿಕಟ್ಟಿಗೆ ಬಿಗಿಯಾಗಿ ಗಂಟು ಹಾಕಬೇಡಿ. ನೆರೆಯ ನೀರಿನಲ್ಲಿ ಬಲೆ ಮರದ ಬುಡಕ್ಕೆ ಸಿಕ್ಕಿದರೆ ಅದು ಆಳನ್ನೇ ಎಳೆಯುತ್ತದೆ. ಕೈ ಸಡಿಲಿಸಿದರೆ ಜಾರಿ ಕಳಚುವಂತಿರಲಿ. ಬಲೆ ಹೋದರೆ ಹೋಗಲಿ.

ನೂಲಿನ ವಿಚಾರವನ್ನು ಬೇಗ ಮುಗಿಸುತ್ತೇನೆ. ಹಿಂದೆ ಹತ್ತಿ, ಸೆಣಬುಗಳ ಬಲೆಯೇ ಎಲ್ಲೆಲ್ಲೂ. ನೀರಿನ ಸೂಕ್ಷ್ಮಾಣುಗಳು ಸಸ್ಯದ ನಾರನ್ನು ತಿಂದು ಕೊಳೆಸುವುದರಿಂದ ಆ ಬಲೆಗಳನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಚೊಗರು ಹಿಡಿಸಬೇಕಾಗಿತ್ತು, ದಿನವೂ ಒಣಗಿಸಬೇಕಾಗಿತ್ತು. 1935ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ನೈಲಾನ್ ಈ ದುಡಿಮೆಯನ್ನು ತಪ್ಪಿಸಿತು. ಕೊಚ್ಚಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಂಥ ನೂಲು, ಬಲೆಗಳನ್ನು ಕುರಿತು ಬಹಳ ಕೆಲಸ ಮಾಡಿದೆ. ನೈಲಾನ್ ನೀರಿಗಿಂತ ತುಸು ಭಾರ, ಆದ್ದರಿಂದ ಮುಳುಗುತ್ತದೆ. ಪಾಲಿಥೀನ್ ನೂಲು ಹಗುರ, ತೇಲುತ್ತದೆ. ಬೀಸುಬಲೆಗೆ ಮೊದಲನೆಯದೇ ಸರಿ. ಆದರೆ ನುಣುಪಾದ ನೂಲಿನಲ್ಲಿ ಗಂಟು ಜಾರಿ ಕಣ್ಣು ಹಿಗ್ಗುತ್ತದೆ; ಕೊಳ್ಳುವಾಗ ನಾಲ್ಕಾರು ಗಂಟುಗಳನ್ನು ಜಗ್ಗಿ ಪರೀಕ್ಷಿಸಿ.

ಬಲೆಯಲ್ಲದ ಬಲೆ ಒಂದುಂಟು, ಅದು ಮಲೆನಾಡಿನ ಕೂಣಿ. ಬಿದಿರಿನ ಸೀಳುಗಳನ್ನು ಹೆಣೆದು ಮಾಡಿದ ಉದ್ದನೆಯ ಬುಟ್ಟಿ; ಬಾಯಲ್ಲಿ ಒಳಮುಖವಾಗಿ ಬಾಗಿದ ಚೂಪು ಕಡ್ಡಿಗಳು. ಒಳಹೋದ ಮೀನು ಹಿಂದಿರುಗಲಾರದು. ಇದರ ಕಣ್ಣೆಂದರೆ ಸೀಳುಗಳ ನಡುವಿನ ಸಂದು. ಕಿರುಬೆರಳು ಹೊಗುವಷ್ಟು ಬಿಟ್ಟು ಹೆಣೆದರೆ ಮರಿಗಳು ಪಾರಾಗುತ್ತವೆ. ಅದಕ್ಕಿಂತ ಮುಖ್ಯವಾದದ್ದು ಕೂಣಿಯ ಬಾಯಿ ಯಾವ ಕಡೆಗೆ ಎಂಬುದು. ನೀರು ಹರಿದು ಹೋಗುವ ದಿಕ್ಕಿಗೆ ಬಾಯಿ ಮಾಡಿಟ್ಟರೆ ಹತ್ತಿ ಬರುವ ಮೀನು, ಅಂದರೆ ಇನ್ನೂ ಮೊಟ್ಟೆಯಿಡದ ಮೀನು, ಸಿಗುತ್ತದೆ. ನೀರು ಬರುವ ದಿಕ್ಕಿಗೆ ತಿರುಗಿಸಿಟ್ಟರೆ ಗದ್ದೆಯಲ್ಲಿ ಮೊಟ್ಟೆಯಿಟ್ಟು ಇಳಿದು ಹೋಗುವ ಮೀನು ಸಿಗುತ್ತದೆ. ಬುಟ್ಟಿ ಅದೇ, ಜಾಗ ಅದೇ. ತಿರುಗಿಸಿ ಇಟ್ಟದ್ದಕ್ಕೆ ಲಕ್ಷಾಂತರ ಮರಿಗಳ ಅಂತರ. ಇಳಿಯುವ ಮೀನು ಸೊರಗಿರುತ್ತದೆ, ಅದರ ರುಚಿ ಕಡಿಮೆ ಎಂಬ ದೂರು ನಿಜವೇ. ಮೊಟ್ಟೆಯ ಪಲ್ಯದ ಆಸೆಯವರಿಗೆ ನಾನು ಹೇಳುವುದು ಹಿಡಿಸಲಾರದು.

ಉತ್ತರ ಅಮೆರಿಕದ ಮಹಾಸರೋವರಗಳ ದಡದಲ್ಲಿಯೂ ಇಂಥದೊಂದು ಕಾಲವುಂಟು. ಅಲ್ಲಿ ವಸಂತದಲ್ಲಿ ಹಿಮ ಕರಗುತ್ತಲೇ ಸ್ಮೆಲ್ಟ್ ಎಂಬ ಗೇಣುದ್ದದ ಬೆಳ್ಳಿ ಮೀನು ರಾತ್ರಿಯ ಹೊತ್ತು ತೊರೆಗಳನ್ನು ಹತ್ತುತ್ತದೆ. ಜನ ಉದ್ದ ಹಿಡಿಯ ಕೈಬಲೆಯಿಂದ ಅದನ್ನು ಗೋರುತ್ತಾರೆ. ಆ ಮೀನು ಅಲ್ಲಿಯದಲ್ಲ. ಬೇರೆ ಮೀನಿಗೆ ಆಹಾರವಾಗಲೆಂದು 1912ರಲ್ಲಿ ಮಿಷಿಗನ್ನಿನ ಕ್ರಿಸ್ಟಲ್ ಸರೋವರಕ್ಕೆ ಮೊಟ್ಟೆ ತಂದು ಬಿಟ್ಟದ್ದು, ಮುಂದೆ ಸರೋವರದಿಂದ ಸರೋವರಕ್ಕೆ ಹಬ್ಬಿತು. ನಮ್ಮ ಹತ್ತುಮೀನಾದರೋ ಇಲ್ಲಿಯದೇ. ಇಲ್ಲಿ ಮುಗಿದರೆ ತರುವುದಕ್ಕೆ ಮತ್ತೊಂದು ಹೊಳೆಯಿಲ್ಲ.

ಹೀಗಿರುವಲ್ಲಿ ಗದ್ದೆಯ ನೀರು ಹೊರಬೀಳುವ ಬಾಯಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಚೀಲದಂತೆ ಕಟ್ಟುವವರನ್ನು ಏನೆನ್ನೋಣ? ಅದಕ್ಕೆ ಕಣ್ಣಿದ್ದೂ ಇಲ್ಲ. ಬೆಳಗ್ಗೆ ಬಿಚ್ಚಿದಾಗ ಒಂದು ಹಿಡಿ ಮೀನಿನ ಜೊತೆಗೆ ಬೂದು ಲೋಳೆಯಂತಹ ಮುದ್ದೆ ಇರುತ್ತದೆ. ಅದನ್ನು ಕೆಸರೆಂದು ದಡಕ್ಕೆ ಬಳಿದೆಸೆಯುತ್ತಾರೆ. ಆ ಕೆಸರೇ ಮುಂದಿನ ವರ್ಷದ ಮೀನು. ಇನ್ನು ಸಿಡಿಮದ್ದು, ವಿಷಗಳ ಮಾತು. ಅವನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿತ್ತು. ಆದರೂ ದಕ್ಷಿಣ ಕನ್ನಡದ ಶಿಶಿಲದಲ್ಲಿ, ದೇವಸ್ಥಾನದ ಎದುರು ಜನ ಅಕ್ಕಿ ಹಾಕಿ ಸಾಕಿಕೊಂಡು ಬಂದ ಕಪಿಲಾ ನದಿಯ ಮೀನುಗಳಿಗೆ 1996ರಲ್ಲಿ ಯಾರೋ ವಿಷವಿಕ್ಕಿದರು. ಸತ್ತ ಮೀನುಗಳಿಗೆ ಊರವರು ಅಲ್ಲಿ ಸ್ಮಾರಕ ಕಟ್ಟಿದ್ದಾರೆ.

ಮಳೆಗಾಲದ ಮೊದಲ ತಿಂಗಳುಗಳಲ್ಲಿ ಹೊಳೆ, ಜಲಾಶಯಗಳಲ್ಲಿ ಮೀನು ಹಿಡಿಯಕೂಡದೆಂದು ಸರ್ಕಾರದ ಆಜ್ಞೆ ಹೊರಡುವುದುಂಟು. ನಿಮ್ಮ ಊರಿನ ನೀರಿಗೆ ಅದು ಅನ್ವಯಿಸುತ್ತದೆಯೆ ಎಂಬುದನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಂಡೇ ಬಲೆ ಹೊರತೆಗೆಯಿರಿ. ಅನ್ವಯಿಸುವುದಾದರೆ ಬಲೆ ಅಟ್ಟದ ಮೇಲೆಯೇ ಇರಲಿ. ಮಳೆ ಇಳಿದ ಮೇಲೂ ಹೊಳೆಯಲ್ಲಿ ಮೀನಿರುತ್ತದೆ.

ಬಲೆಯನ್ನು ಬಳಸಿದ ದಿನವೇ ಸಿಹಿನೀರಿನಲ್ಲಿ ಜಾಲಾಡಿ, ಸಿಕ್ಕಿಕೊಂಡ ಕಡ್ಡಿಗಳನ್ನು ತೆಗೆದು, ನೆರಳಿನಲ್ಲಿ ಹರವಬೇಕು. ನೈಲಾನ್ ಕೊಳೆಯದೆಂದು ಬಿಸಿಲಿಗೆ ಹಾಕಿದರೆ ಬಿಸಿಲೇ ಅದನ್ನು ತಿನ್ನುತ್ತದೆ. ಇಲಿ ಸೇರದಂತೆ ತೂಗುಹಾಕಿ. ಹರಿದ ಕಣ್ಣನ್ನು ಆಗಿಂದಾಗ್ಗೆ ಅದೇ ಅಳತೆಯಲ್ಲಿ ಹೆಣೆದು ಸೇರಿಸಿ. ರಿಪೇರಿಗೂ ಮೀರಿ ಹರಿದ ಬಲೆಯನ್ನು ಮಾತ್ರ ಹಳ್ಳಕ್ಕೆ ಎಸೆಯಬಾರದು. ಹತ್ತಿಯ ಬಲೆಯಾಗಿದ್ದರೆ ಕೊಳೆತು ಹೋಗುತ್ತಿತ್ತು. ನೈಲಾನಿನದು ಯಾರ ಕೈಯೂ ಇಲ್ಲದೆ ನೀರಿನಡಿಯಲ್ಲಿ ವರ್ಷಗಟ್ಟಲೆ ಮೀನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಸೀಸದ ಗುಂಡುಗಳನ್ನು ಬಿಚ್ಚಿ ತೆಗೆದಿಟ್ಟುಕೊಂಡರೆ ಹೊಸ ಬಲೆಗೆ ಬರುತ್ತವೆ. ಉಳಿದದ್ದು ಹಿತ್ತಿಲಿನ ಹೀರೆಬಳ್ಳಿ ಹಬ್ಬಿಸಲು ಸಾಕು.