ಮಳೆಗಾಲಕ್ಕೊಂದು ಬೀಗ ಹಾಕಿದ ಕಂಪ್ಯೂಟರ್

ಕೊಡಗಿನ ಗೋಣಿಕೊಪ್ಪಲಿನಲ್ಲಿ ಜೂನ್ ಬಂತೆಂದರೆ ಕರೆಂಟನ್ನು ನಂಬುವಂತಿಲ್ಲ. ತಂತಿಯ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲು. ಅಂಥದೇ ಒಂದು ಸಂಜೆ ನನ್ನ ಡಿಟಿಪಿ ಅಂಗಡಿಯಲ್ಲಿ ಅಪ್‌ಡೇಟ್ ಅರ್ಧವಾಗಿದ್ದಾಗ ಯುಪಿಎಸ್ ಕೂಡ ಕೈಕೊಟ್ಟಿತು. ಮರುದಿನ ಕಂಪ್ಯೂಟರ್ ಏಳಲೇ ಇಲ್ಲ. ಹಳೆಯ ಕಡತಗಳು ಅರ್ಧ, ಹೊಸವು ಅರ್ಧ, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಬ್ಬರ ಮಗಳ ಲಗ್ನಪತ್ರಿಕೆ ಅದರೊಳಗೇ ಉಳಿದಿತ್ತು.

ಆಮೇಲೆ ಫೆಡೋರಾ ಸಿಲ್ವರ್‌ಬ್ಲೂ ಹಾಕಿಸಿದೆ. 2018ರಲ್ಲಿ ಈ ಹೆಸರು ಪಡೆದ ಲಿನಕ್ಸ್ ಅದು. ಅದರ ಮೂಲ ಕಡತಗಳಿಗೆ ಬೀಗ: ಓದಬಹುದು, ತಿದ್ದುವಂತಿಲ್ಲ. ಅಪ್‌ಡೇಟ್ ಬಂದಾಗ ಓಡುತ್ತಿರುವುದನ್ನು ಮುಟ್ಟದೆ, ಪಕ್ಕದಲ್ಲೇ ಹೊಸ ಪ್ರತಿಯೊಂದನ್ನು ಪೂರ್ತಿ ಕಟ್ಟುತ್ತದೆ. ಅದು ಮುಗಿದರೆ ಮಾತ್ರ ಮುಂದಿನ ಸಲ ಆನ್ ಮಾಡಿದಾಗ ಹೊಸದು ಏಳುತ್ತದೆ. ನಡುವೆ ಕರೆಂಟ್ ಹೋದರೆ ಹಳೆಯದೇ ಗತಿ, ಅದು ಸುರಕ್ಷಿತವಾಗಿ ಇದ್ದೇ ಇರುತ್ತದೆ. ಬದಲಾಗದ ಕಡತಗಳನ್ನು ಎರಡೂ ಪ್ರತಿಗಳು ಹಂಚಿಕೊಳ್ಳುವುದರಿಂದ ಡಿಸ್ಕಿನಲ್ಲಿ ಇಮ್ಮಡಿ ಜಾಗ ಬೇಕಿಲ್ಲ. ಕ್ರೋಮ್‌ಬುಕ್ಕುಗಳು ಎರಡು ಪ್ರತಿಗಳ ಇಂಥದೇ ಉಪಾಯ ಬಳಸುತ್ತವೆ. ಆಪಲ್ 2019ರ ಮ್ಯಾಕ್‌ಓಎಸ್ ಕ್ಯಾಟಲೀನಾದಲ್ಲಿ ಮೂಲ ಭಾಗವನ್ನು ಓದಲು ಮಾತ್ರ ಎಂದು ಬೇರೆ ಮಾಡಿತು.

ಈ ಬೀಗದ ಅರ್ಥ ನಮ್ಮ ಕಡೆಯವರಿಗೆ ಐನ್‌ಮನೆ ಎಂದರೆ ಬೇಗ ತಿಳಿದೀತು. ಅದು ಇಡೀ ಒಕ್ಕದ, ಅಂದರೆ ಕುಲದ, ಮನೆ. ಯಾರೋ ಒಬ್ಬರು ಬಂದು ಕಂಬ ಕೀಳುವಂತಿಲ್ಲ.

ಕನ್ನಡ ಫಾಂಟುಗಳು ತೊಂದರೆ ಕೊಡಲಿಲ್ಲ, ನನ್ನ ಸ್ವಂತ ಫೋಲ್ಡರಿನಲ್ಲೇ ಕೂತವು. ತಕರಾರು ಬಂದದ್ದು ಹಳೆಯ ಲೇಸರ್ ಪ್ರಿಂಟರಿನಿಂದ. ಅದರ ಡ್ರೈವರ್ ಮೂಲ ಫೋಲ್ಡರಿನಲ್ಲೇ ಕೂರಬೇಕು, ಅಲ್ಲಿ ಬೀಗ. “ಅಣ್ಣಾ, ಪ್ರಿಂಟ್ ಬರ್ತಿಲ್ಲ, ಪಹಣಿಗೆ ಕಾಯ್ತಾ ನಾಲ್ಕು ಜನ ನಿಂತಿದ್ದಾರೆ” ಎಂದು ಅಂಗಡಿಯ ಹುಡುಗಿ ಕರೆದಾಗ ಆ ಬೀಗದ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು. ದಾರಿ ಇದೆ: ಡ್ರೈವರನ್ನು ಮೇಲಿನ ಪದರವಾಗಿ ಸೇರಿಸಿ, ಮತ್ತೆ ಆನ್ ಮಾಡಬೇಕು. ಆದರೆ ಪದರ ಹೆಚ್ಚಿದಷ್ಟೂ ಅಪ್‌ಡೇಟ್ ನಿಧಾನ, ಹೊಸ ಆವೃತ್ತಿಯೊಂದಿಗೆ ಜಗಳವೂ ಹೆಚ್ಚು. ಹಾಗಾಗಿ ಒಂದೇ ಪದರ ಇಟ್ಟುಕೊಂಡಿದ್ದೇನೆ. ಮಿಕ್ಕ ತಂತ್ರಾಂಶಗಳನ್ನು ಫ್ಲಾಟ್‌ಪ್ಯಾಕ್ ರೂಪದಲ್ಲಿ ಹಾಕುತ್ತೇನೆ. ಅವು ಮೂಲವನ್ನು ಮುಟ್ಟುವುದಿಲ್ಲ, ಆದರೆ ಡೌನ್‌ಲೋಡ್ ದೊಡ್ಡದು. ಮಳೆಯಲ್ಲಿ ನೆಟ್ ಕುಂಟುವ ಊರಿಗೆ ಇದು ಸಣ್ಣ ಬೆಲೆಯಲ್ಲ.

ಇದನ್ನೂ ಹೇಳಿಬಿಡಬೇಕು: ಬೀಗ ಕಾಯುವುದು ವ್ಯವಸ್ಥೆಯನ್ನು, ನಮ್ಮ ಕೆಲಸವನ್ನಲ್ಲ. ಲಗ್ನಪತ್ರಿಕೆಗಳ ನಕಲು ಈಗ ದಿನಾ ಸಂಜೆ ಪೆನ್‌ಡ್ರೈವಿಗೆ ಹೋಗುತ್ತದೆ. ಪ್ರಿಂಟರ್ ಸರಿಯಾಗಿ ಓಡಿದ ಪ್ರತಿಗೆ ಪಿನ್ ಹಾಕಿದ್ದೇನೆ; ಎಷ್ಟು ಹೊಸವು ಬಂದರೂ ಅದು ಅಳಿಯದು. ಈ ಜೂನಿಗೆ ಅಷ್ಟು ಸಿದ್ಧತೆ ಆಗಿದೆ.