ಇಮೇಲ್ ಕಂಡುಹಿಡಿದಿದ್ದು 14 ವರ್ಷದ ಭಾರತೀಯ ಹುಡುಗನೇ?

‘ಇಮೇಲ್ ಕಂಡುಹಿಡಿದವನು 14 ವರ್ಷದ ಭಾರತೀಯ ಹುಡುಗ. ಹೆಮ್ಮೆಯಿದ್ದರೆ ಶೇರ್ ಮಾಡಿ.’ ಈ ಸಂದೇಶ ನಾಲವಾರದ ನಮ್ಮ ಮನೆಯವರ ವಾಟ್ಸ್‌ಆಪ್ ಗ್ರೂಪಿಗೂ ಬಂತು. ಕಳಿಸಿದ್ದು ನಮ್ಮ ಕಾಕಾ. ಇದು ನಿಜವೇ?

ಅರ್ಧ ಮಾತ್ರ. ಮುಂಬೈಯಲ್ಲಿ ಹುಟ್ಟಿದ ಶಿವ ಅಯ್ಯಾದುರೈ ಹದಿಹರೆಯದಲ್ಲೇ ಅಮೆರಿಕದ ನ್ಯೂಜೆರ್ಸಿಯ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ‘ಇಮೇಲ್’ ಎಂಬ ಹೆಸರಿನ ಪ್ರೋಗ್ರಾಂ ಬರೆದಿದ್ದು ಹೌದು. 1982ರಲ್ಲಿ ಅದಕ್ಕೆ ಕಾಪಿರೈಟ್ ಸಿಕ್ಕಿದ್ದೂ ಹೌದು. ಆದರೆ ಕಾಪಿರೈಟ್ ಸಿಗುವುದು ಬರೆದ ಪ್ರೋಗ್ರಾಂಗೆ, ಅದರ ಹಿಂದಿನ ಕಲ್ಪನೆಗಲ್ಲ. 1971ರಲ್ಲೇ ರೇ ಟಾಮ್ಲಿನ್ಸನ್ ಅರ್ಪಾನೆಟ್ ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದ್ದರು. ವಿಳಾಸದಲ್ಲಿ @ ಚಿಹ್ನೆ ಇಟ್ಟವರೂ ಅವರೇ.

ಹೆಮ್ಮೆಪಡಲೇಬೇಕೆಂದರೆ ಅಭಯ್ ಭೂಷಣ್ ಇದ್ದಾರೆ. ಐಐಟಿ ಕಾನ್ಪುರದ ಮೊದಲ ಬ್ಯಾಚಿನ ವಿದ್ಯಾರ್ಥಿ. ಎಂಐಟಿಯಲ್ಲಿದ್ದಾಗ, 1971ರ ಏಪ್ರಿಲ್‌ನಲ್ಲಿ, ಕಂಪ್ಯೂಟರುಗಳ ನಡುವೆ ಫೈಲ್ ಸಾಗಿಸುವ ನಿಯಮಗಳ (ಎಫ್‌ಟಿಪಿ) ಮೊದಲ ಕರಡು ಬರೆದರು. ಮುಂದೆ ಕೆಲವು ವರ್ಷ ಇಮೇಲ್ ಕೂಡ ಇದರ ಬೆನ್ನೇರಿಯೇ ಹೋಗುತ್ತಿತ್ತು. ಇವರ ಬಗ್ಗೆ ಒಂದು ಫಾರ್ವರ್ಡ್ ಕೂಡ ನನಗೆ ಬಂದಿಲ್ಲ!

ನಮ್ಮ ರಾಜ್ಯದ ಮಾತಿಗೆ ಬಂದರೆ, 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಅಮೆರಿಕಕ್ಕೆ ಫೈಲ್ ಕಳಿಸಲು ಉಪಗ್ರಹ ಸಂಪರ್ಕವನ್ನೇ ಹಾಕಿಸಿಕೊಂಡಿತು. 1986ರಲ್ಲಿ ಶುರುವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು ಮಾತ್ರ 1995ರ ಆಗಸ್ಟ್ 15ಕ್ಕೆ.

ಆಗಿನ ಮೇಲ್ ತಕ್ಷಣ ತಲುಪುತ್ತಿರಲಿಲ್ಲ. ನಾಲವಾರದಿಂದ ಸೇಡಂಗೆ ರೈಲಿನಲ್ಲಿ ಹೋಗುವವರು ವಾಡಿ ಜಂಕ್ಷನ್‌ನಲ್ಲಿ ಇಳಿದು ಮುಂದಿನ ಗಾಡಿಗೆ ಕಾಯುತ್ತಾರಲ್ಲ, ಹಾಗೆ. ಯುಯುಸಿಪಿ ಎಂಬ ಪದ್ಧತಿಯಲ್ಲಿ ಒಂದು ಕಂಪ್ಯೂಟರ್ ಸಂದೇಶಗಳನ್ನು ಕೂಡಿಟ್ಟುಕೊಂಡು, ಫೋನ್ ದರ ಕಡಿಮೆ ಇರುವ ಹೊತ್ತು ನೋಡಿ, ಮೋಡೆಮ್ ಮೂಲಕ ಇನ್ನೊಂದಕ್ಕೆ ಕರೆ ಮಾಡಿ ದಾಟಿಸುತ್ತಿತ್ತು. ಅದು ಮುಂದಿನದಕ್ಕೆ. ದಾರಿಯಲ್ಲಿ ಸಿಗುವ ಒಂದೊಂದು ಕಂಪ್ಯೂಟರಿನ ಹೆಸರನ್ನೂ ಕಳಿಸುವವರೇ ವಿಳಾಸದಲ್ಲಿ ಬರೆಯಬೇಕಿತ್ತು, ನಡುನಡುವೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ. ನಡುವೆ ಒಂದು ಹೆಸರು ತಪ್ಪಿದರೆ ಸಂದೇಶ ಮುಂದೆ ಹೋಗುತ್ತಿರಲಿಲ್ಲ. ವೇಗವೋ? ಸೆಕೆಂಡಿಗೆ 9,600 ಬಿಟ್‌ನ ಮೋಡೆಮ್‌ನಲ್ಲಿ ಒಂದು ಎಂಬಿಯ ಫೋಟೋ ಹೋಗಲು ಸುಮಾರು 14 ನಿಮಿಷ ಬೇಕು. ‘ಶುಭೋದಯ’ದ ಹೂವಿನ ಚಿತ್ರಗಳನ್ನು ಆಗ ಯಾರೂ ಕಳಿಸುತ್ತಿರಲಿಲ್ಲ ಬಿಡಿ.

ಕೂಡಿಟ್ಟು ಮುಂದಕ್ಕೆ ಕಳಿಸುವ ಈ ಕ್ರಮ ಈಗಲೂ ಇದೆ. ನೀವು ಕಳಿಸಿದವರ ಫೋನ್ ಆಫ್ ಇದ್ದರೆ ಒಂದೇ ಟಿಕ್ ಕಾಣುತ್ತದಲ್ಲವೇ? ಆಗ ನಿಮ್ಮ ಸಂದೇಶ ವಾಟ್ಸ್‌ಆಪ್ ಸರ್ವರ್‌ನಲ್ಲಿ ಕಾಯುತ್ತಿರುತ್ತದೆ. 30 ದಿನದೊಳಗೆ ಅವರು ನೆಟ್ ಹಾಕದಿದ್ದರೆ ಅಲ್ಲಿಂದಲೇ ಅಳಿಸಿಹೋಗುತ್ತದೆ.